ಬೀಗ ಹಾಕಿದ ಚರ್ಚುಗಳ ದಾರಿಯಲ್ಲಿ ಅಗಾತಾ ಬಾಯಿ

ಅಗಾತಾ ಬಾಯಿ ಸೈಕಲ್ ಕಲಿತದ್ದು ನಲವತ್ತೇಳನೇ ವಯಸ್ಸಿನಲ್ಲಿ, ದೋಹಾದ ಒಂದು ಕಾಂಪೌಂಡಿನ ಗೋಡೆಯೊಳಗೆ. ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಎಂಜಿನಿಯರ್ ಆಗಿದ್ದ ಫ್ರೆಂಚ್ ಸಾಹೇಬರೊಬ್ಬರ ಮನೆಯಲ್ಲಿ ಅವರು ಅಡುಗೆ ಮಾಡಿಕೊಂಡು, ಮಕ್ಕಳನ್ನು ನೋಡಿಕೊಂಡು ಇದ್ದರು. ಮಕ್ಕಳ ಸೈಕಲಿನ ಹಿಂದೆ ಓಡಿ ಓಡಿ ಸಾಕಾಗಿ, ಒಂದು ಸಂಜೆ ಮೇಡಮ್ಮಿನ ಸೈಕಲನ್ನು ಹತ್ತಿಯೇಬಿಟ್ಟರು. ಬಿದ್ದರು, ಎದ್ದರು, ಕಲಿತರು. ಆಮೇಲೆ ದಿನಾ ಸಂಜೆ ಆ ವಿಲ್ಲಾಗಳ ಸುತ್ತ ಗಾಣದೆತ್ತಿನ ಹಾಗೆ ಸುತ್ತು.

"ಈ ಪ್ರಾಯದಲ್ಲಿ ಕಾಲು ಮುರ್ಕೊಂಡ್ರೆ ನಿಮ್ಮನ್ನು ನೋಡುವವರು ಯಾರು ಬಾಯಿ?" ಎಂದು ನಾನು ರೇಗುತ್ತಿದ್ದೆ.

"ನೀನುಂಟಲ್ಲ ಜ್ಯೋತ್ಸ್ನಾ," ಎಂದು ನಗುತ್ತಿದ್ದರು.

ರಜೆಯ ದಿನವಾದ ಶುಕ್ರವಾರ ಅವರು ಬಿನ್ ಒಮ್ರಾನಿನ ನಮ್ಮ ಫ್ಲ್ಯಾಟಿಗೆ ಬರುತ್ತಿದ್ದರು. ಅವರು ಶಿರ್ವದವರು, ನಾನು ಮುಲ್ಕಿಯವಳು. ಗಲ್ಫಿನಲ್ಲಿ ಅಷ್ಟು ನಂಟು ಧಾರಾಳವಾಯಿತು. ಆಗ ದೋಹಾದಲ್ಲಿ ಚರ್ಚಿನ ಕಟ್ಟಡ ಇರಲಿಲ್ಲ. ಭಾನುವಾರ ಎಲ್ಲರಿಗೂ ಡ್ಯೂಟಿ. ಹಾಗಾಗಿ ಭಾನುವಾರದ ಬಲಿಪೂಜೆ ಶುಕ್ರವಾರವೇ ನಡೆಯುತ್ತಿತ್ತು, ಯಾವುದಾದರೊಂದು ಸಭಾಂಗಣದಲ್ಲಿ, ಕಾಲಿಡಲು ಜಾಗವಿಲ್ಲದಷ್ಟು ಜನರ ನಡುವೆ. ಎಷ್ಟೋ ವರ್ಷ ಹೀಗೇ ನಡೆದು, ಅಗಾತಾ ಬಾಯಿಯ ಮಟ್ಟಿಗೆ ದೇವರ ದಿನವೆಂದರೆ ಶುಕ್ರವಾರ ಎಂದೇ ಆಗಿಹೋಗಿತ್ತು.

೨೦೦೫ರ ಆಗಸ್ಟಿನಲ್ಲಿ ಊರಲ್ಲಿ ಅವರ ಗಂಡ ರೆಮಿಜಿಯಸ್ ತೀರಿಕೊಂಡರು. ಸುದ್ದಿ ಬಂದದ್ದು ಗುರುವಾರ ಸಂಜೆ. ದೇಶ ಬಿಟ್ಟು ಹೋಗಲು ಸಾಹೇಬರ ಸಹಿ ಬೇಕು, ಸಾಹೇಬರು ರಜೆಯ ಮೇಲೆ ಫ್ರಾನ್ಸಿನಲ್ಲಿದ್ದರು. ಮರುದಿನದಿಂದ ಆಫೀಸುಗಳೂ ಬಂದ್. ಸಹಿ ಕೈಗೆ ಬರುವಷ್ಟರಲ್ಲಿ ಊರಲ್ಲಿ ಮಣ್ಣು ಮಾಡಿ ಆಗಿತ್ತು. ಅಗಾತಾ ಬಾಯಿ ನಮ್ಮ ಅಡುಗೆಮನೆಯ ನೆಲದಲ್ಲಿ ಕೂತು, "ಒಂದು ಹಿಡಿ ಮಣ್ಣು ಹಾಕ್ಲಿಕ್ಕೆ ಸಹ ನಾನಿರ್ಲಿಲ್ಲ," ಎಂದು ಗೋಳೋ ಎಂದು ಅತ್ತರು. ಅವತ್ತೇ ಹಠ ಹಿಡಿದರು: ವರ್ಷದ ದಿನ ಸರಿಯಾದ ಚರ್ಚಿನಲ್ಲಿ, ಗಂಡನ ಹೆಸರಿನಲ್ಲಿ, ತಾನೇ ಎದುರಿದ್ದು ಪೂಜೆ ಕೊಡಿಸಬೇಕು.

ಮರುವರ್ಷ ಊರಿಗೆ ಹೊರಟು ನಿಂತಾಗ ಮೇಡಂ ಅಡ್ಡ ಬಂದರು. ಫ್ರಾನ್ಸಿನಲ್ಲಿರುವ ನನ್ನ ತಾಯಿಯ ಮನೆಗೆ ಹೋಗುತ್ತಿದ್ದೇವೆ, ಮಕ್ಕಳನ್ನು ನೋಡಲು ನೀನೂ ಬಾ, ಅಲ್ಲಿ ಊರಿಗೊಂದು ಚರ್ಚಿದೆ ಎಂದರು. ಆ ಕೊನೆಯ ಮಾತಿಗೆ ಅಗಾತಾ ಬಾಯಿ ಕರಗಿದರು. ವರ್ಷದ ದಿನ ಬೀಳುವುದೂ ಶುಕ್ರವಾರವೇ. ಪೂಜೆ ಇದ್ದೇ ಇರುತ್ತದೆಂದು ಯಾರನ್ನೂ ಕೇಳಲೂ ಇಲ್ಲ.

ಆ ಶುಕ್ರವಾರ ಬೆಳಿಗ್ಗೆ ಮನೆಯವರೆಲ್ಲ ಸಂತೆಗೆ ಹೋಗಿದ್ದರು. ಪ್ರಸಾದ ಸ್ವೀಕರಿಸಲಿಕ್ಕಿದೆ ಎಂದು ಒಂದು ತುತ್ತೂ ತಿನ್ನದೆ, ಕಪ್ಪು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು, ಅಗಾತಾ ಬಾಯಿ ಮಕ್ಕಳ ಅಜ್ಜಿಯ ಹಳೇ ಸೈಕಲ್ ಏರಿದರು. ಆ ಊರಿನ ಚರ್ಚಿಗೆ ಬೀಗ. ಬಾಗಿಲಿಗೆ ಅಂಟಿಸಿದ್ದ ಕಾಗದ ಓದಲು ಬರಲಿಲ್ಲ. ದೂರದ ಮರಗಳ ಮೇಲೆ ಇನ್ನೊಂದು ಗೋಪುರದ ತುದಿ ಕಂಡಿತು. ಅಲ್ಲಿ ಇರಬಹುದು ಎಂದು ಆ ಕಡೆ ತಿರುಗಿಸಿದರು.

ದಾರಿ ಕಾಡಿನೊಳಗೆ ನುಗ್ಗಿತು. ವಾಪಸು ಬಂದ ಮೇಲೆ ನಮ್ಮ ಫ್ಲ್ಯಾಟಿನಲ್ಲಿ ಇದನ್ನು ಹೇಳುವಾಗ ಅವರ ಕಣ್ಣು ಇನ್ನೂ ಅರಳಿಯೇ ಇತ್ತು.

"ಮಾರಾಯ್ತಿ, ಆಗಸ್ಟ್ ತಿಂಗಳಲ್ಲಿ ರಸ್ತೆ ಮೇಲೆ ಬಿಸಿಲೇ ಇಲ್ಲ! ಎರಡೂ ಬದಿ ಮರ, ಮೇಲೆ ಸಹ ಮರ. ನನ್ನ ಉಸಿರಿನ ಸದ್ದು ನನಗೇ ಕೇಳ್ತದೆ. ಒಂದು ಜಿಂಕೆ ರಸ್ತೆ ಮಧ್ಯ ನಿಂತು ನನ್ನನ್ನೇ ನೋಡಿತು. ನಾನು ಇಳಿದು ದಾರಿ ಬಿಟ್ಟೆ."

ಕಾಡು ಮುಗಿದಲ್ಲಿ ಕೆರೆ. ಅದು ಮುಗಿಯಿತು ಎನ್ನುವಾಗ ಇನ್ನೊಂದು. ದಡದಲ್ಲಿ ಬೂದು ಬಣ್ಣದ ಕೊಕ್ಕರೆ, ನೀರಿನಲ್ಲಿ ಇಡೀ ಆಕಾಶ. ಸಮುದ್ರದ ನೀರನ್ನೇ ಕುದಿಸಿ ಉಪ್ಪು ತೆಗೆದು ಕುಡಿಯುವ ಊರಿನಿಂದ ಹೋದವರು ಅವರು. ಇಷ್ಟೊಂದು ಸಿಹಿನೀರು ಯಾರಿಗೂ ಬೇಡದೆ ಸುಮ್ಮನೆ ಮಲಗಿರುವುದನ್ನು ಕಂಡು ಅವರಿಗೆ ಹೆದರಿಕೆಯೇ ಆಯಿತಂತೆ. ಚಪ್ಪಲಿ ಕಳಚಿ ಇಳಿದು, ಬೊಗಸೆಯಲ್ಲಿ ನೀರೆತ್ತಿ ಹಣೆಗೆ ಹಚ್ಚಿಕೊಂಡರು. "ಇದನ್ನು ಮಾಡಿದವನು ಎಷ್ಟು ದೊಡ್ಡವನು ಅಂತ ನನಗೆ ಅವತ್ತೇ ಗೊತ್ತಾದದ್ದು," ಎಂದರು.

ಎರಡನೇ ಚರ್ಚಿಗೂ ಬೀಗ. ಮೂರನೆಯದಕ್ಕೂ. ನಮ್ಮ ದೋಹಾದಲ್ಲಿ ಜನ ತುಂಬಿ ತುಳುಕುತ್ತಿದ್ದರು, ಚರ್ಚ್ ಇರಲಿಲ್ಲ. ಅಲ್ಲಿ ನೂರಾರು ವರ್ಷದ ಕಲ್ಲಿನ ಚರ್ಚುಗಳು, ತೆರೆಯುವವರಿಲ್ಲ. ಕೇಳುವಾಗ ನನಗೇ ಸಿಟ್ಟು ಬಂತು. ಮೂರನೇ ಊರಿನಲ್ಲಿ ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ, ಕೈಸನ್ನೆ ಮಾಡಿ, "ದಿಮಾಂಶ್, ದಿಮಾಂಶ್" ಎಂದ. ಮಕ್ಕಳು ವಾರಗಳ ಹೆಸರು ಬಾಯಿಪಾಠ ಮಾಡುವಾಗ ಕೇಳಿದ ಮಾತು, ಭಾನುವಾರ. ಅಗಾತಾ ಬಾಯಿಗೆ ಆಗ ಹೊಳೆಯಿತು.

"ಹುಟ್ಟು ಕ್ರಿಶ್ಚಿಯನ್ ನಾನು! ಲೋಕಕ್ಕೆಲ್ಲ ಭಾನುವಾರ ಪೂಜೆ ಅಂತ ನನಗೇ ಮರೆತುಹೋಗಿತ್ತು," ಎಂದರು. ಮೆಟ್ಟಿಲ ಮೇಲೆ ಕೂತು ಮೊದಲು ನಕ್ಕರಂತೆ, ಆಮೇಲೆ ಅತ್ತರಂತೆ. ಭಾನುವಾರಕ್ಕೆ ವರ್ಷದ ದಿನ ಕಳೆದುಹೋಗಿರುತ್ತದೆ. ಸಮಾಧಿಗೂ ಇಲ್ಲ, ಇದಕ್ಕೂ ಇಲ್ಲ.

ಹಸಿದ ಹೊಟ್ಟೆಯಲ್ಲೇ ಇನ್ನೊಂದು ದಾರಿಯಿಂದ ಮನೆಯತ್ತ ತುಳಿದರು. ಸಂಜೆಯಾಗುವಾಗ, ಕೊನೆಯ ಕೆರೆಯ ದಡದಲ್ಲಿ ನಾಲ್ಕಾರು ಮನೆ, ಒಂದು ಪುಟ್ಟ ಚರ್ಚು. ಅದಕ್ಕೂ ಬೀಗ. ಪಕ್ಕದ ಹಿತ್ತಲಲ್ಲಿ ಮುದುಕಿಯೊಬ್ಬಳು ಬೀನ್ಸ್ ಕೊಯ್ಯುತ್ತಿದ್ದಳು. ಅಗಾತಾ ಬಾಯಿ ತನಗೆ ಬರುವ ಅಡುಗೆಮನೆಯ ಫ್ರೆಂಚಿನಲ್ಲಿ, ನನ್ನ ಗಂಡ, ಸತ್ತರು, ಇವತ್ತು ವರ್ಷ ಎಂದರು. ಮುದುಕಿ ಒಳಗೆ ಹೋಗಿ ಚರ್ಚಿನ ಕೀಲಿಕೈ ತಂದಳು.

ಒಳಗೆ ಪಾದ್ರಿ ಇಲ್ಲ, ಹಚ್ಚಿದ ದೀಪವಿಲ್ಲ. ಬಾಗಿಲ ಬಳಿ ಗೋಪುರದಿಂದ ಇಳಿಬಿಟ್ಟ ಹಗ್ಗವೊಂದಿತ್ತು. ಮುದುಕಿ ಅದನ್ನು ಇವರ ಕೈಗೆ ಕೊಟ್ಟಳು. ಶಿರ್ವದ ಕಡೆ ಯಾರಾದರೂ ಸತ್ತರೆ ಚರ್ಚಿನ ಗಂಟೆಯನ್ನು ಬಿಟ್ಟು ಬಿಟ್ಟು, ನಿಧಾನವಾಗಿ ಬಾರಿಸುತ್ತಾರೆ. ಗಂಡನಿಗಾಗಿ ಬಾರಿಸಿದ್ದು ಹೆಂಡತಿಗೆ ಕೇಳಿರಲಿಲ್ಲ. ಅಗಾತಾ ಬಾಯಿ ಎರಡೂ ಕೈಯಲ್ಲಿ ಹಗ್ಗ ಹಿಡಿದು ಮೈಭಾರವನ್ನೆಲ್ಲ ಹಾಕಿ ಎಳೆದರು. ಗಂಟೆ ಹೊಡೆಯಿತು. ನಿಲ್ಲಿಸಿ, ಮತ್ತೆ ಎಳೆದರು. ಸದ್ದು ಕೆರೆ ದಾಟಿ ಹೋಗಿ ಕಾಡಿಗೆ ತಾಗಿ ತಿರುಗಿ ಬರುವುದು ಅವರಿಗೆ ಕೇಳುತ್ತಿತ್ತು.

ಬಾಗಿಲಲ್ಲಿ ನೆರಳಾಯಿತು. ಟೊಪ್ಪಿ ಕೈಯಲ್ಲಿ ಹಿಡಿದ ಇಬ್ಬರು ಮುದುಕರು, ಏಪ್ರನಿಗೆ ಕೈ ಒರೆಸಿಕೊಳ್ಳುತ್ತ ಒಬ್ಬ ಹೆಂಗಸು, ಅವಳ ಹಿಂದೆ ಇನ್ನೂ ಕೆಲವರು. ಸಾವಿನ ಗಂಟೆ ಕೇಳಿ, ಯಾರು ಹೋದರೆಂದು ನೋಡಲು ಓಡಿ ಬಂದವರು. ಮುದುಕಿ ಅವರಿಗೆ ಮೆಲ್ಲಗೆ ಏನೋ ಹೇಳಿದಳು. ಯಾರೂ ತಿರುಗಿ ಹೋಗಲಿಲ್ಲ, ಬೆಂಚುಗಳಲ್ಲಿ ಬಂದು ಕೂತರು. ಅಗಾತಾ ಬಾಯಿ ಮೊಣಕಾಲೂರಿ ಕೊಂಕಣಿಯಲ್ಲಿ "ನಮಾನ್ ಮರಿಯೆ" ಎಂದು ಮಾತೆ ಮರಿಯಳ ಪ್ರಾರ್ಥನೆಯ ಮೊದಲರ್ಧ ಹೇಳಿದರು, ಉಳಿದರ್ಧವನ್ನು ಆ ಊರಿನವರು ಫ್ರೆಂಚಿನಲ್ಲಿ ಹೇಳಿದರು. ಜಪಸರ ಮುಗಿದ ಮೇಲೆ ಸಾವಿನ ಮನೆಯಲ್ಲಿ ಮಾಡುವ ಹಾಗೆ ಒಬ್ಬೊಬ್ಬರಾಗಿ ಬಂದು ಅಗಾತಾ ಬಾಯಿಯ ಕೈ ಹಿಡಿದುಕೊಂಡರು.

ಇದನ್ನೆಲ್ಲ ಕೇಳುತ್ತ ನಾನು ಚಹಾದ ನೀರು ಒಲೆಯ ಮೇಲಿಟ್ಟದ್ದನ್ನೇ ಮರೆತಿದ್ದೆ.

"ನನ್ನ ಗಂಡನ ಸಾವಿಗೆ ಬಂದವರ ಕೈ ನಾನು ಸಹ ಹಿಡಿದೆ ಜ್ಯೋತ್ಸ್ನಾ," ಎಂದರು ಅಗಾತಾ ಬಾಯಿ.