ಬೋರಲು ಬಿದ್ದ ಬೆಳ್ಳಿ

ಇವತ್ತು ಬೆಳಿಗ್ಗೆ ನಮ್ಮ ಬಸವೇಶ್ವರನಗರದ ಮನೆಯ ಅಡುಗೆಕಟ್ಟೆಯ ಮೇಲೆ ಬೆಳ್ಳಿ ಲೋಟವೊಂದು ಬೋರಲು ಕೂತಿತ್ತು. ಸೊಸೆ ತೊಳೆದು, ನೀರು ಸೋರಲೆಂದು ಹಾಗೆ ಇಟ್ಟಿದ್ದಳು. ಹಬ್ಬದ ದಿನ ಪಾತ್ರೆ ಬೋರಲು ಹಾಕುವುದು ನಮ್ಮ ಮನೆಯಲ್ಲಿ ಸಂವಿಧಾನಬಾಹಿರ. ಈ ಕಾನೂನನ್ನು ಜಾರಿಗೆ ತರುವ ಖಾತೆ ಮದುವೆಯಾದಂದಿನಿಂದ ನನ್ನದು. ಉಳಿದ ಖಾತೆಗಳೆಲ್ಲ ಹೆಂಡತಿಯ ಬಳಿ ಇವೆ. ಕರ್ತವ್ಯಪ್ರಜ್ಞೆಯಿಂದ ಕೈ ಚಾಚಿದವನು ಅರ್ಧದಲ್ಲೇ ನಿಂತೆ. ರುದ್ರಪ್ಪ ನೆನಪಾದ.

ರುದ್ರಪ್ಪ ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ. ನಿವೃತ್ತನಾದ ಮೇಲೆ ನಾನು ಕರಡು ತಿದ್ದುವ ನೆಪದಲ್ಲಿ ಅಲ್ಲಿಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದೆ. ಲಗ್ನಪತ್ರಿಕೆಗಳು ಮೊಬೈಲಿಗೆ ವಲಸೆ ಹೋದಾಗ ಅವನ ಶೆಡ್ಡಿನ ಅರ್ಧ ಖಾಲಿಯಾಯಿತು. ಆ ಅರ್ಧಕ್ಕೆ ವೀಣಾ ಬಂದಳು. ನಾಗರಬಾವಿಯ ಹುಡುಗಿ, ಇಂಜಿನಿಯರು. ಅವಳ ಹಿಂದೆಯೇ ಬೀರುವಿನಷ್ಟು ದೊಡ್ಡ ಲೇಸರ್ ಯಂತ್ರವೂ ಬಂತು.

"ಏನಮ್ಮ ಪ್ರಿಂಟ್ ಮಾಡ್ತೀಯ ಇದ್ರಲ್ಲಿ?" ಎಂದು ರುದ್ರಪ್ಪ ಸಹೋದ್ಯಮಿಯ ಗಾಂಭೀರ್ಯದಿಂದ ಕೇಳಿದ.

"ಬೆಳ್ಳಿ ಗೆರೆ ಅಂಕಲ್. ಕೂದಲಿಗಿಂತ ಸಣ್ಣದು. ಕರೆಂಟ್ ಹರಿಯತ್ತೆ ಅದ್ರಲ್ಲಿ."

"ಕಣ್ಣಿಗೆ ಕಾಣದ್ದನ್ನ ಅಚ್ಚು ಹಾಕೋಕೆ ಇಷ್ಟು ದೊಡ್ಡ ಮಿಷಿನ್ನಾ? ನಮ್ಮಲ್ಲಿ ಸೋದರಮಾವನ ಹೆಸರು ಒಂದು ಎಳೆ ಸಣ್ಣಗಾದ್ರೆ ಮದುವೆನೇ ನಿಂತುಹೋಗ್ತಿತ್ತು ಕಣಮ್ಮ."

ಆ ಯಂತ್ರದ ಮರ್ಮವನ್ನು ಅವಳು ನಮಗೆ ಬಿಡಿಸಿ ಹೇಳಿದ್ದಳು. ಒಂದು ಗಾಜಿನ ಬಿಲ್ಲೆ. ಅದರ ಕೆಳಮೈಗೆ ಬೆಳ್ಳಿಯ ತೆಳು ಲೇಪ. ಮೇಲಿನಿಂದ ಲೇಸರ್ ಗಾಜನ್ನು ದಾಟಿ ಬಂದು ಲೇಪದ ಬೆನ್ನಿಗೆ ತಟ್ಟುತ್ತದೆ. ತಟ್ಟಿದಲ್ಲಿ ಒಂದು ಚೂರು ಬೆಳ್ಳಿ ಉದುರಿ, ಕೆಳಗಿರುವ ಹಾಳೆಯ ಮೇಲೆ ಚುಕ್ಕಿಯಾಗಿ ಕೂರುತ್ತದೆ. ಚುಕ್ಕಿಗೆ ಚುಕ್ಕಿ ಸೇರಿ ಗೆರೆ. ಮಸಿಯಿಲ್ಲ, ಅಚ್ಚುಮೊಳೆಯಿಲ್ಲ. ರುದ್ರಪ್ಪ ಎಲ್ಲವನ್ನೂ ಕೇಳಿ, "ಅಂದ್ರೆ ಹಿಂದಿನಿಂದ ತಳ್ಳೋದು. ಸರ್ಕಾರಿ ಆಫೀಸಲ್ಲಿ ಫೈಲ್ ಹೋಗೋ ಹಾಗೆ," ಎಂದ. ಅವನಿಗೆ ಅರ್ಥವಾಗಿದೆ ಎಂದು ನಾವಿಬ್ಬರೂ ನಂಬಿದೆವು.

ಆ ವರ್ಷ ಆಯುಧಪೂಜೆ ಕಳೆದ ಎರಡನೇ ದಿನಕ್ಕೆ ವೀಣಾಳ ಪರೀಕ್ಷೆಯಿತ್ತು. ಮೈಗೆ ಅಂಟಿಸಿಕೊಂಡು ಜ್ವರ ಅಳೆಯುವ ಪಟ್ಟಿ ಮಾಡುವ ಕಂಪನಿಯವರು ಬರುವವರಿದ್ದರು. ಅವರ ಕಣ್ಣೆದುರಿಗೇ ಪಟ್ಟಿಯ ಮೇಲೆ ಗೆರೆ ಮೂಡಬೇಕು, ಅದರಲ್ಲಿ ಕರೆಂಟ್ ಹರಿದು ಮೀಟರು ಕುಂಯ್ ಅನ್ನಬೇಕು. ಕುಂಯ್ ಅಂದರೆ ಕೆಲಸ ಅವಳದು. ಇಲ್ಲದಿದ್ದರೆ ಯಂತ್ರ ಮಾರಿ ಶೆಡ್ಡು ಬಿಡುವುದೇ ಎಂದಿದ್ದಳು. ಅದನ್ನು ಕೇಳಿದ ದಿನ ರುದ್ರಪ್ಪ ಊಟದ ಡಬ್ಬಿಯನ್ನು ಮುಟ್ಟಿರಲಿಲ್ಲ.

ಹಬ್ಬಕ್ಕೆ ಮುಂಚೆಯೇ ಅವಳು ಗಾಜನ್ನು ಯಂತ್ರದ ತಟ್ಟೆಯಲ್ಲಿ ಕೂರಿಸಿ ಮನೆಗೆ ಹೋದಳು. ಪೂಜೆಗೆ ಅನುಮತಿ ಕೊಟ್ಟಿದ್ದಳು, ಷರತ್ತಿನ ಮೇಲೆ: ಕುಂಕುಮ ಹೊರಮೈಗೆ ಮಾತ್ರ, ಹೊಗೆ ಹಾಕುವಂತಿಲ್ಲ, ಕುಂಬಳಕಾಯಿ ರಸ್ತೆಯಲ್ಲಿ. ರುದ್ರಪ್ಪ ಒಂದನ್ನೂ ಮೀರಲಿಲ್ಲ. ವಿಭೂತಿ ಬಳಿದುಕೊಂಡು ಪೂಜೆ ಮಾಡಿದ; ನಾನು ಗಂಟೆ ಬಾರಿಸಿದೆ.

ಪರೀಕ್ಷೆಯ ದಿನ ಕಂಪನಿಯ ಕಡೆಯಿಂದ ಒಬ್ಬರೇ ಬಂದರು. ಶ್ರಾದ್ಧದೂಟಕ್ಕೆ ತಡವಾದವರ ಮುಖ. ನಮಗೆಲ್ಲ ಹಸಿರು ಕನ್ನಡಕ ತೊಡಿಸಲಾಯಿತು. ಪೊರೆ ತೆಗೆಸಿಕೊಂಡವರ ಸಂಘದ ವಾರ್ಷಿಕ ಸಭೆಯಂತೆ ಸಾಲಾಗಿ ನಿಂತೆವು. ಯಂತ್ರ ಗುಂಯ್‌ಗುಟ್ಟಿ ನಿಂತಿತು. ವೀಣಾ ಪಟ್ಟಿ ಹೊರತೆಗೆದಳು. ಮೀಟರಿನ ಕಡ್ಡಿಗಳನ್ನು ತಾಗಿಸಿದಳು. ಸದ್ದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಪಟ್ಟಿ ಹುಟ್ಟಿದಾಗಿನಷ್ಟೇ ಶುಭ್ರವಾಗಿತ್ತು.

ಅವಳು ಯಂತ್ರದ ಬಾಗಿಲು ತೆರೆದಳು. ತಟ್ಟೆ ಎಳೆದು ನೋಡಿದಳು. "ಗಾಜು ತಿರುಗಿದೆ. ಬೆಳ್ಳಿ ಮೇಲ್ಗಡೆ ಬಂದಿದೆ. ಎಲ್ಲಾ ಮೇಲಕ್ಕೇ ಸಿಡಿದುಹೋಗಿದೆ."

"ಅದಾ? ನಾನೇ ಸರಿ ಮಾಡಿದ್ದು ತಾಯಿ," ಎಂದ ರುದ್ರಪ್ಪ. "ಪೂಜೆ ದಿನ ಒರೆಸೋಕೆ ತಟ್ಟೆ ಎಳೆದ್ರೆ ಬೆಳ್ಳಿ ಬೋರಲು ಬಿದ್ದಿತ್ತು. ಹಾಗಿಡಬಾರದು. ಕೈ ತೊಳ್ಕೊಂಡೇ ಮುಟ್ಟಿದೆ."

ಹೇಳಿ ಮುಗಿಸುವಷ್ಟರಲ್ಲಿ ಅವನಿಗೇ ಹೊಳೆಯಿತು. ಕನ್ನಡಕ ತೆಗೆದು ಅಲ್ಲೇ ಸ್ಟೂಲಿನ ಮೇಲೆ ಕುಸಿದ. ನಾನು ಚಾವಣಿಯನ್ನು ಅಧ್ಯಯನ ಮಾಡಿದೆ.

ಕಂಪನಿಯಿಂದ ಬಂದಿದ್ದವರು ಕನ್ನಡಕವನ್ನು ಹಣೆಗೇರಿಸಿದರು. "ನಮ್ಮನೇಲೂ ಬೋರಲು ಹಾಕಲ್ಲ," ಎಂದರು. ಸ್ವಲ್ಪ ಯೋಚಿಸಿ, "ನಮ್ಮಮ್ಮ ಹೊಡೀತಿದ್ರು," ಎಂದು ಸೇರಿಸಿದರು. "ಇನ್ನೊಂದು ಗಾಜಿದ್ರೆ ಹಾಕಿ, ಕಾಯ್ತೀನಿ."

ಸಿಡಿದ ಬೆಳ್ಳಿಯನ್ನೆಲ್ಲ ಒರೆಸಿ ಶುಚಿ ಮಾಡುವಷ್ಟರಲ್ಲಿ ಎರಡು ಸುತ್ತು ಕಾಫಿಯಾಯಿತು. ವೀಣಾ ಹೊಸ ಬಿಲ್ಲೆ ತಂದು ನೇರ ರುದ್ರಪ್ಪನ ಮುಂದೆ ಹಿಡಿದಳು. "ನೀವೇ ಇಡಿ ಅಂಕಲ್. ಬೋರಲು."

"ನನ್ನ ಕೈಲಾಗಲ್ಲ ಕಣಮ್ಮ."

"ನೀವು ಇಟ್ರೆ ಮಾತ್ರ ನನಗೆ ಧೈರ್ಯ. ಇಲ್ಲಾಂದ್ರೆ ನಾಳೆ ಮತ್ತೆ ತಿರುಗಿಸ್ತೀರ."

ಜೀವಮಾನವಿಡೀ ಮೊದಲ ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಮುಖ ಮೇಲಾಗಿ ದೇವರ ಮುಂದಿಟ್ಟ ಕೈ ಅದು. ರುದ್ರಪ್ಪ ಕೈಗವಸು ತೊಟ್ಟ, ಕಣ್ಣು ಮುಚ್ಚಿ ಶಿವನಿಗೆ ಏನೋ ಸಮಜಾಯಿಷಿ ಕೊಟ್ಟ, ಮಲಗಿದ ಮಗುವನ್ನು ಮಗ್ಗುಲಾಗಿಸುವಂತೆ ಬೆಳ್ಳಿಯನ್ನು ಬೋರಲು ಮಲಗಿಸಿದ.

ಮೀಟರು ಕುಂಯ್ ಎಂದಿತು. ಅವನು ಇನ್ನೊಮ್ಮೆ ತಾಗಿಸಮ್ಮ ಎಂದ. ಅವಳು ತಾಗಿಸಿದಳು. ಆ ದಿನವಿಡೀ ತಾಗಿಸುತ್ತಲೇ ಇದ್ದಳು.

ವೀಣಾ ಈಗ ಇಡೀ ಶೆಡ್ಡಿನಲ್ಲಿದ್ದಾಳೆ. ರುದ್ರಪ್ಪ ತೀರಿಹೋದ ಮೇಲೂ ಆಯುಧಪೂಜೆಯ ದಿನ ಅವಳು ಯಂತ್ರಕ್ಕೆ ಕುಂಕುಮವಿಡುತ್ತಾಳೆ, ಹೊರಮೈಗೆ ಮಾತ್ರ.

"ಏನ್ರೀ, ಲೋಟ ಬೋರಲಾಗಿದೆ, ನೀವು ಸುಮ್ನೆ ನಿಂತಿದೀರ. ಹುಷಾರಾಗಿದೀರ ತಾನೆ?" ಎಂದಳು ಹೆಂಡತಿ.

"ಇರ್ಲಿ ಬಿಡೇ. ಅದರ ಕೆಲಸ ಮುಗೀಲಿ."

ಅವಳು ನನ್ನ ಹಣೆ ಮುಟ್ಟಿ ನೋಡಿ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಲೋಟ ಎತ್ತಿದೆ. ಕಪ್ಪು ಕಲ್ಲಿನ ಮೇಲೆ ನೀರಿನದೊಂದು ದುಂಡನೆಯ ಗೆರೆ ಮೂಡಿತ್ತು. ಕರಡು ತಿದ್ದುವವನ ಕಣ್ಣಿನಿಂದ ಬಗ್ಗಿ ನೋಡಿದೆ. ಎಲ್ಲೂ ಕಡಿದಿರಲಿಲ್ಲ.