ಖಾದರಬಿಯ ಬಿಳಿ ತಟ್ಟೆ

ಮುದಕಪ್ಪನ ಹೊಟ್ಟೆಕಿಚ್ಚಿನ ಸುದ್ದಿ ಹೇಳುವ ಮೊದಲು ಅವನ ನಾಲಿಗೆಯ ಸುದ್ದಿ ಹೇಳಬೇಕು. ಮಿಶ್ರಿಕೋಟಿ ಬಾಜುವಿನ ಆ ಹಳ್ಳಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಈಜು ಕಲಿಸಿದವನು ಅವನು. ದಿನಾ ಬೆಳಿಗ್ಗೆ ಕೆರೆಯ ನೀರು ಒಂದು ಬೊಗಸೆ ಬಾಯಿಗೆ ಹಾಕಿ, ಮುಕ್ಕಳಿಸಿ ಉಗುಳಿ, "ಇಳೀರಿ" ಅಂದರೆ ಮಕ್ಕಳು ಬೆನ್ನಿಗೆ ಬೆಂಡು ಕಟ್ಟಿಕೊಂಡು ದುಮುಕುತ್ತಿದ್ದರು. "ಬ್ಯಾಡ" ಅಂದರೆ ಮೀನು ಹಿಡಿಯುವವರೂ ಬಲೆ ಸುತ್ತಿಕೊಂಡು ಮನೆಗೆ ಹೋಗುತ್ತಿದ್ದರು. ಗೌಡನ ಮಾತಿಗೆ ಎದುರು ಮಾತಿತ್ತು, ಮುದಕಪ್ಪನ ಉಗುಳಿಗೆ ಇರಲಿಲ್ಲ!

ಎಂಬತ್ತಾರನೇ ಇಸವಿಯಲ್ಲಿ ಧಾರವಾಡದ ಕಾಲೇಜೊಂದರಿಂದ ದಿನಕರ ಮಾಸ್ತರು ಬಂದರು. ಕೆರೆ ಈಜಲು ಯೋಗ್ಯವೇ, ಮೀನಿಗೆ ಹಿತವೇ, ಅದರಲ್ಲಿ ಏಡಿ, ಬಸವನಹುಳು, ಏನೇನು ಜೀವಿಗಳಿವೆ, ಎಲ್ಲ ಬರೆದಿಡಬೇಕಂತೆ. ಹಗ್ಗದ ತುದಿಗೆ ಒಂದು ಬಿಳಿ ತಟ್ಟೆ, ಹಗ್ಗಕ್ಕೆ ಗೇಣಿಗೊಂದು ಗಂಟು. ತಟ್ಟೆ ಕಣ್ಣಿಗೆ ಮರೆಯಾಗುವಷ್ಟರಲ್ಲಿ ಎಷ್ಟು ಗಂಟು ಮುಳುಗಿದವೋ ನೀರು ಅಷ್ಟು ತಿಳಿ. ಮೂರಕ್ಕಿಂತ ಕಡಿಮೆಯಾದರೆ ಯಾರೂ ಇಳಿಯಬಾರದು. ಆ ತಟ್ಟೆಯನ್ನೂ ಬರೆಯುವ ವಹಿಯನ್ನೂ ಅವರು ಯಾರ ಕೈಗೆ ಕೊಟ್ಟರು ಅಂತೀರಿ? ಏಳನೇ ಇಯತ್ತೆ ಕಲಿತ, ಬಳೆಗಾರರ ಸೊಸೆ ಖಾದರಬಿಗೆ!

ಅವತ್ತೇ ಮುದಕಪ್ಪನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಒಂದು ತಿಂಗಳೊಳಗೆ ಊರಿನವರು ದಂಡೆಗೆ ಬಂದವರೇ, "ಖಾದರಬಿ, ಇವತ್ತ ಎಷ್ಟ ಬಂತವಾ?" ಎಂದು ಕೇಳತೊಡಗಿದರು. ಇವನು ಬಾಯಿ ಮುಕ್ಕಳಿಸಿದರೆ ಹಲ್ಲುಜ್ಜುತ್ತಿದ್ದಾನೆ ಎಂದುಕೊಳ್ಳುವವರೇ ಹೆಚ್ಚಾದರು. ಅವಳು ಮಾತ್ರ ಇವನು ಉಗುಳಿ ಹೇಳುವವರೆಗೂ ಬಾಜೂಕ್ಕೇ ನಿಂತು, ಆಮೇಲೆ ಏನೋ ಗೀಚಿಕೊಳ್ಳುತ್ತಿದ್ದಳು. ಅಣಕಿಸಲಿಕ್ಕೇ ನಿಲ್ಲುತ್ತಾಳೆ ಎಂದು ಮುದಕಪ್ಪನಿಗೆ ಮೈಯೆಲ್ಲ ಉರಿ.

"ತಟ್ಟಿ ನೋಡಿ ನೀರಿನ ಗುಣಾ ಹೇಳತಾಳಂತ! ನೀರು ಕುಡಿಯೂದು ಬಾಯೋ, ತಟ್ಟಿಯೋ?" ಎಂದು ರೊಟ್ಟಿ ಮುರಿಯುತ್ತ ಕೂಗಾಡಿದ.

"ಆಕಿ ಮ್ಯಾಲ ಯಾಕ ಸಿಟ್ಟು? ನೀವೂ ಸಾಲಿಗೆ ಹೋಗಬೇಕಿತ್ತು," ಎಂದಳು ಹೆಂಡತಿ ಗುರವ್ವ. ಅವತ್ತು ಅವನು ಅರ್ಧ ರೊಟ್ಟಿಗೇ ಕೈ ತೊಳೆದ.

ಶಿವರಾತ್ರಿಯ ಹೊತ್ತಿಗೆ ಮೇಲಿನ ಹೊಲದವರು ಪುಂಡಿ ಕಟ್ಟಿಗೆಯ ಹೊರೆಗಳನ್ನು ನಾರು ಬಿಡಿಸಲೆಂದು ಕೆರೆಯಲ್ಲಿ ನೆನೆಹಾಕಿದರು. ಪುಂಡಿ ಕೊಳೆತರೆ ನೀರು ಕಪ್ಪಾಗುತ್ತದೆ, ಮೈಗೆ ತುರಿ ಏಳುತ್ತದೆ, ಮೀನು ಉಸಿರು ಕಟ್ಟಿ ಮೇಲೆ ತೇಲುತ್ತವೆ. ಮುದಕಪ್ಪನ ನಾಲಿಗೆಗೆ ಕೆಟ್ಟ ಒಗರು ತಾಗಿತು. ಅದರ ಬೆನ್ನಿಗೇ ಒಂದು ಹಾಳು ಬುದ್ಧಿಯೂ ಹೊಳೆಯಿತು.

ಮಧ್ಯಾಹ್ನ ಊರು ಉಂಡು ಮಲಗಿದಾಗ, ದಂಡೆಯ ಬೇವಿನ ಟೊಂಗೆಗೆ ತೂಗುಹಾಕಿದ್ದ ತಟ್ಟೆಯ ಹಗ್ಗ ಇಳಿಸಿ, ಗೇಣಿಗೊಂದಿದ್ದ ಗಂಟುಗಳನ್ನು ಬಿಚ್ಚಿ ಅರ್ಧ ಗೇಣಿಗೊಂದು ಕಟ್ಟಿದ. ಇನ್ನು ಎರಡು ಬರುವಲ್ಲಿ ನಾಲ್ಕು ಬರಬೇಕು. ನಾಳೆ ರವಿವಾರ. ಊರ ಮುಂದೆ ಅವಳು ನೀರು ಚಲೋ ಐತಿ ಅನ್ನಬೇಕು, ಮಕ್ಕಳು ಇಳಿಯುವಷ್ಟರಲ್ಲಿ ತಾನು "ತಡೀರಿ ಲೇ!" ಎಂದು ಗುಡುಗಬೇಕು. ಆಮೇಲೆ ಆ ತಟ್ಟೆಯಲ್ಲಿ ಅವಳು ಅನ್ನ ಉಣ್ಣಲಿ!

ಬೆಳಗಾಯಿತು. ಹತ್ತಿಪ್ಪತ್ತು ಮಕ್ಕಳು ಬೆಂಡು ಕಟ್ಟಿಕೊಂಡು ಸಾಲಾಗಿ ನಿಂತಿದ್ದವು. ಮುದಕಪ್ಪ ಉಗುಳಿ ಬಾಯಿ ಒರೆಸಿಕೊಂಡವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಖಾದರಬಿ ತಟ್ಟೆ ಇಳಿಬಿಟ್ಟಳು. ಎಣಿಸಿದಳು. ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಎಣಿಸಿದಳು.

"ನಾಕು ಬಂದೈತಿ," ಎಂದವಳು ಮಕ್ಕಳ ಕಡೆ ತಿರುಗಲೇ ಇಲ್ಲ. ವಹಿ ಹಿಡಿದು ಅವನ ಹತ್ತಿರ ಬಂದಳು. "ಕಾಕಾ, ಇವತ್ತ ನೀವು ಏನೂ ಅನ್ನಲಿಲ್ಲಲ್ಲರಿ. ನೀರು ಹೆಂಗೈತಿ?"

"ನನ್ನ ಯಾಕ ಕೇಳತಿ? ನಿನ್ನ ತಟ್ಟಿ ಹೇಳೇತಲ್ಲ."

"ಅಯ್ಯ, ನಿಮ್ಮನ್ನ ಕೇಳದ ಹೆಂಗ ಬರೀಲಿ?" ಎಂದು ಅವಳು ವಹಿಯ ಹಾಳೆ ತಿರುವಿದಳು. ಪ್ರತಿ ದಿನಕ್ಕೂ ಎರಡು ಮನೆ. ಎಡಗಡೆಯದರ ತಲೆಯ ಮೇಲೆ 'ಮುದಕಪ್ಪ ಕಾಕಾ ಅಂದದ್ದು', ಬಲಗಡೆಯದರ ಮೇಲೆ 'ತಟ್ಟೆ'. ಬೆರಳಿಟ್ಟು ಓದಿ ತೋರಿಸಿದಳು. "ಮಾಸ್ತರು ಮೊದಲ ದಿನಾನ ಹೇಳ್ಯಾರ್ರಿ, ಕಾಕಾನ ಮಾತು ಮೊದಲ ಬರಿ, ತಟ್ಟಿ ಅದಕ್ಕ ಕೂಡತೈತೋ ಇಲ್ಲೋ ಆಮ್ಯಾಲ ನೋಡು ಅಂತ. ಇಲ್ಲೀತನಕ ಒಂದ ದಿನಾನೂ ತಪ್ಪಿಲ್ಲ."

ಮುದಕಪ್ಪನಿಗೆ ಓದು ಬರದು. ಆದರೂ ಆ ಎಡಗಡೆಯ ಸಾಲನ್ನು ಮೇಲಿಂದ ಕೆಳಗೆ ನೋಡಿದ. ಕೊನೆಯ ಮನೆ ಖಾಲಿ ಇತ್ತು. ಇಷ್ಟು ದಿನ ಹೊಟ್ಟೆ ಉರಿದುಕೊಂಡದ್ದು ತನ್ನ ಮೇಲೆಯೇ?

"ಕೆಟ್ಟೈತಿ. ಯಾರೂ ಇಳೀಬ್ಯಾಡ್ರಿ," ಎಂದ.

ಖಾದರಬಿಯ ಮುಖ ಸಣ್ಣದಾಯಿತು. "ಹಂಗಾರ ನನ್ನ ಕಣ್ಣಿಗೇ ಏನೋ ಆಗೈತ್ರಿ. ಈ ಕೆಲಸಾ ನನ್ನಿಂದ ಆಗೂದಿಲ್ಲ. ಮಾಸ್ತರಿಗೆ ತಟ್ಟಿ ಹೊಳ್ಳಿ ಕೊಟ್ಟಬಿಡತೇನಿ," ಎಂದು ತಟ್ಟೆಯ ಮನೆಯನ್ನೇ ಹೊಡೆದುಹಾಕಲು ಪೆನ್ಸಿಲ್ ಎತ್ತಿದಳು.

ಇಷ್ಟು ದಿನ ಅವನು ಬೇಡಿಕೊಂಡದ್ದು ಇದನ್ನೇ. ಸುಮ್ಮನೆ ನಿಂತಿದ್ದರೆ ಆಗಿಹೋಗುತ್ತಿತ್ತು.

"ಹೊಡೀಬ್ಯಾಡ ತಂಗಿ," ಎಂದ. "ಕಣ್ಣು ಚಲೋ ಅದಾವು. ಗಂಟು ಬಿಚ್ಚಿ ಕಟ್ಟಿದಾಂವ ನಾನ."

ಖಾದರಬಿ ಅವನನ್ನೇ ಒಂದು ಗಳಿಗೆ ನೋಡಿದಳು. ಬೈಯಲಿಲ್ಲ. ಕುಕ್ಕರಗಾಲಲ್ಲಿ ಕೂತು ಎಡಗಡೆಯ ಮನೆಯಲ್ಲಿ ಒಂದೊಂದೇ ಅಕ್ಷರ ಬರೆಯತೊಡಗಿದಳು.

"ಇದೂ ಧಾರವಾಡಕ್ಕ ಹೋಕ್ಕೈತೇನವಾ?" ಎಂದು ಮುದಕಪ್ಪ ಮೆಲ್ಲಗೆ ಕೇಳಿದ.

"ಹೌದ್ರಿ ಕಾಕಾ," ಎಂದಳು ತಲೆ ಎತ್ತದೆ. "ನೀವು ಅಂದದ್ದೆಲ್ಲಾ ಹೋಕ್ಕೈತಿ."