ಮೈಲಾರಪ್ಪ ಮತ್ತು ಸಮುದ್ರದ ದಂಡೆಯ ಚಪ್ಪಲಿಗಳು

ದುರ್ಗದಬೈಲಿನ ಹಿಂದಿನ ಓಣಿಯ ಮೈಲಾರಪ್ಪ ಹುಬ್ಬಳ್ಳಿಯ ಮಂದಿಗೆ ಸಮುದ್ರ ತೋರಿಸಿ ಬದುಕುವ ಮನುಷ್ಯ. ರವಿವಾರ ಬಂತೆಂದರೆ ಯಾರದೋ ಸಂಸಾರವನ್ನು ಟೆಂಪೊದಲ್ಲಿ ತುಂಬಿಕೊಂಡು ಗೋಕರ್ಣ, ಮುರುಡೇಶ್ವರ ಎಂದು ಘಟ್ಟ ಇಳಿಯುತ್ತಾನೆ. ಯಲ್ಲಾಪುರ ಮುಟ್ಟುವುದರೊಳಗೆ ಮಂದಿ ರೊಟ್ಟಿಯ ಗಂಟು ಬಿಚ್ಚಿ, ಶೇಂಗಾ ಚಟ್ನಿಯನ್ನು ಸೀಟಿಗೆಲ್ಲ ಒರೆಸುತ್ತಾರೆ. ಅದನ್ನಾದರೂ ಸಹಿಸಿಕೊಂಡಾನು. ಸಹಿಸಲಾಗದ್ದು ದಂಡೆಯ ಮೇಲೆ ಕೇಳುವ ಆ ಒಂದೇ ಮಾತು: "ಡ್ರೈವರಣ್ಣಾ, ಚಪ್ಪಲಿ ಸ್ವಲ್ಪ ನೋಡ್ಕೋರಿ." ಚಪ್ಪಲಿಯ ಹಿಂದೆಯೇ ಮೊಬೈಲು, ಬ್ಯಾಗು, ಅಜ್ಜಿಯ ಹಲ್ಲಿನ ಸೆಟ್ಟು ಕೂಡ ಬರುತ್ತವೆ.

"ನಾ ಗಾಡಿ ಹೊಡ್ಯಾಂವನೋ, ಚಪ್ಪಲಿ ಕಾಯಾಂವನೋ?" ಎಂದು ಮನೆಗೆ ಬಂದು ಹೆಂಡತಿ ಸತ್ಯವ್ವನ ಮೇಲೆ ಹರಿಹಾಯುತ್ತಾನೆ. ಇಷ್ಟು ವರ್ಷವಾದರೂ ಅವನ ಪಾದಕ್ಕೆ ಉಪ್ಪುನೀರು ತಾಗಿಲ್ಲ.

"ನಮ್ಮನ್ನೂ ಒಮ್ಮೆ ಕರ್ಕೊಂಡ್ ಹೋಗ್ರಿ ಮತ್ತ," ಎಂದಳು ಸತ್ಯವ್ವ.

ಕಳೆದ ರವಿವಾರ ಅವನು ಕೈಗೆ ಬಂದ ಬಾಡಿಗೆಯನ್ನು ಬಿಟ್ಟು, ಹೆಂಡತಿ, ಮಗಳು, ಅತ್ತೆ, ಮಾವ ಎಲ್ಲರನ್ನೂ ಕೂಡಿಸಿಕೊಂಡು ಹೊರಟ. ದಂಡೆ ಮುಟ್ಟಿದಾಗ ಹೊಸ ಪ್ಯಾಂಟನ್ನು ಮೊಣಕಾಲ ತನಕ ಮಡಚಿಕೊಂಡೇ ಗಾಡಿಯಿಂದ ಇಳಿದ. "ಇವತ್ತ ಯಾರ ಚಪ್ಪಲಿನೂ ಕಾಯೂದಿಲ್ಲ!" ಎಂದು ಸಮುದ್ರಕ್ಕೇ ಕೇಳುವಂತೆ ಕೂಗಿದ.

ತೆರೆ ಕಂಡದ್ದೇ ತಡ, ಎಲ್ಲರೂ ಓಡಿದರು. ಸತ್ಯವ್ವ ಮಾತ್ರ ನಾಲ್ಕು ಹೆಜ್ಜೆ ಹೋಗಿ ಹೊರಳಿ ಬಂದಳು. ಕೈ ಹಿಡಿದು ನೀರಿಗೆ ಎಳೆಯುತ್ತಾಳೆಂದು ಇವನು ನಗುತ್ತ ಕೈ ಚಾಚಿದ. ಅವಳು ಆ ಕೈಗೆ ಮಗಳ ಹೊಸ ಚಪ್ಪಲಿ ತುರುಕಿ, "ಸ್ವಲ್ಪ ನೋಡ್ಕೋರಿ, ನಿಮಗ ರೂಢಿ ಐತಲ್ಲ," ಎಂದು ಓಡಿದಳು.